ಮನಿಯವರನ್ನ ಕೇಳಿ ಹೇಳ್ತೇನ್ರಿ

ನಾನು ಹೆಂಗಸು ಎಂದು ಸಾಬೀತು ಮಾಡುವುದು ಅಂಥ ಕಷ್ಟದ ಕೆಲಸವಾಗಲಾರದು ಎಂದು ನಾನು ನಂಬಿದ್ದೆ. ಈ ವಿಷಯದಲ್ಲಿ ನನಗೆ ಐವತ್ತು ವರ್ಷದ ಅನುಭವವಿತ್ತು!

ಆಧಾರ್ ಕಾರ್ಡಿನಲ್ಲಿ ಹಾಗೆಂದೇ ಬರೆದಿದೆ. ರೇಷನ್ ಕಾರ್ಡಿನಲ್ಲೂ ಬರೆದಿದೆ. ಗೋಕಾಕ ಬಸ್ಸಿನ ಕಂಡಕ್ಟರ್ ನನ್ನ ಮುಖ ನೋಡಿದ ಕೂಡಲೇ ಪುಕ್ಕಟೆ ಟಿಕೆಟ್ ಹರಿದು ಕೈಗಿಡುತ್ತಾನೆ. ಸರ್ಕಾರಿ ಬಸ್ಸೇ ಒಪ್ಪಿಕೊಂಡ ಮೇಲೆ ಇನ್ನು ಯಾರಪ್ಪಾ ಒಪ್ಪಬೇಕು?

ಮೂಡಲಗಿಯಲ್ಲಿ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನು ಹದಿನೈದು ವರ್ಷದಿಂದ ಕಡಕ್ ರೊಟ್ಟಿ ಮಾಡಿಸಿ ಮಾರುತ್ತೇನೆ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು. ಬಾಗಿಲ ಮೇಲೆ ‘ಸುನಂದಾ ಗೃಹ ಉದ್ಯೋಗ’ ಎಂಬ ಬೋರ್ಡಿದೆ. ಸುನಂದಾ ಎಂದರೆ ನಾನೇ. ಹನ್ನೊಂದು ಮಂದಿ ಹೆಣ್ಣುಮಕ್ಕಳು ದಿನಾ ಬಂದು ರೊಟ್ಟಿ ಬಡಿಯುತ್ತಾರೆ. ಅವರಲ್ಲಿ ಹಿರಿಯಳು ಕಲ್ಲವ್ವ. ಅವಳು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ನೆರಳು ಕಾಣುತ್ತದೆ. ಹೊಗಳಿದರೆ ಮಾತ್ರ ಅವಳಿಗೆ ಸಿಟ್ಟು ಬರುತ್ತದೆ.

ನಮ್ಮ ಧಂದೆಗೆ ಒಂದೇ ಕಾಟ, ಮಳೆಗಾಲ. ಲಗ್ನಗಳು ನಿಲ್ಲುತ್ತವೆ, ರೊಟ್ಟಿ ಕೇಳುವವರು ಕಡಿಮೆಯಾಗುತ್ತಾರೆ. ಆಗ ನಮ್ಮ ಹೆಣ್ಣುಮಕ್ಕಳು ಕಬ್ಬಿನ ಹೊಲಕ್ಕೆ ಕಸ ತೆಗೆಯಲು ಹೋಗುತ್ತಾರೆ. ಈ ವರ್ಷ ಬೇಸಿಗೆಯಲ್ಲೇ ಕಲ್ಲವ್ವ ಒಲೆಯ ಮುಂದೆ ಕೂತು ಮೊಣಕಾಲು ನೀವಿಕೊಳ್ಳುತ್ತಾ ಹೇಳಿದಳು: “ಅಕ್ಕಾರ, ಈ ಸಲ ಹೊಲದಾಗ ಬಗ್ಗಾಕ ಈ ಕಾಲು ಒಪ್ಪಂಗಿಲ್ಲರಿ. ಏನ್ ಮಾಡ್ಲಿ?”

“ಹೊಲಕ್ಕ ಹೋಗೂದ ಬ್ಯಾಡ ಕಲ್ಲವ್ವಾ. ಈ ಸಲ ಮಳಿಗಾಲದಾಗೂ ಇಲ್ಲೇ ಕೆಲಸ ಕೊಡ್ತೇನಿ. ಇದು ನನ್ನ ಮಾತು,” ಎಂದೆ. ಆ ಕೆಲಸ ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಮಾತು ಮಾತ್ರ ಕೊಟ್ಟಾಗಿತ್ತು.

ಕೆಲಸ ಯಮಕನಮರಡಿಯಲ್ಲಿ ಸಿಕ್ಕಿತು. ಹುಕ್ಕೇರಿ ಕಡೆಯ ಹೆದ್ದಾರಿಯಲ್ಲಿ ಊಟದ ಹೋಟೆಲುಗಳನ್ನು ನಡೆಸುವ ಒಂದು ದೊಡ್ಡ ಕಂಪನಿ ಇದೆ. ಅದರ ಖರೀದಿ ಸಾಹೇಬರು ನನ್ನ ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದರು. ಕಟ್ ಎಂದಿತು. ಸಾಹೇಬರ ಮುಖ ಅರಳಿತು.

“ರೊಟ್ಟಿ ಪಾಸ್ ಆದೂ ರೀ. ಇನ್ನ ನೀವು ಪಾಸ್ ಆಗಬೇಕು,” ಎಂದರು.

ವಿಷಯ ಇಷ್ಟು. ಕಂಪನಿಯವರು ಒಂದು ಪಾಲು ಸಾಮಾನನ್ನು ಹೆಂಗಸರು ನಡೆಸುವ ಸಣ್ಣ ಉದ್ಯೋಗಗಳಿಂದಲೇ ಕೊಳ್ಳಬೇಕಂತೆ. ಅಂಥವರಿಗೆ ‘ವೈವಿಧ್ಯಮಯ ಪೂರೈಕೆದಾರರು’ ಎಂದು ಹೆಸರು. ಆದರೆ ಎಷ್ಟೋ ಗಂಡಸರು ಹೆಂಡತಿಯ ಹೆಸರು ಬರೆಸಿ, ಆಕೆಯನ್ನು ಅಡುಗೆಮನೆಯಲ್ಲಿ ಕೂರಿಸಿ, ತಾವು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರಂತೆ. ಆದ್ದರಿಂದ ಉದ್ಯೋಗದ ಲಗಾಮು ನಿಜವಾಗಿ ಹೆಂಗಸಿನ ಕೈಯಲ್ಲೇ ಇದೆ ಎಂದು ಒಂದು ಸಂಸ್ಥೆಯವರು ಬಂದು, ನೋಡಿ, ವಿಚಾರಿಸಿ ಸರ್ಟಿಫಿಕೇಟ್ ಕೊಡಬೇಕು. ಅದಿಲ್ಲದೆ ಆರ್ಡರ್ ಇಲ್ಲ.

ನನಗೆ ನಗು ಬಂತು. ಲಗಾಮು ನನ್ನ ಕೈಯಲ್ಲಿಲ್ಲದೆ ಇನ್ನಾರ ಕೈಯಲ್ಲಿದೆ? ನಮ್ಮವರು ತುಕ್ಕಾನಟ್ಟಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರು. ಹೆಸರು ಈರಣ್ಣ. ಜೋಳಕ್ಕೂ ಗೋದಿಗೂ ಇರುವ ವ್ಯತ್ಯಾಸ ಅವರಿಗೆ ಬಣ್ಣದಿಂದ ಮಾತ್ರ ಗೊತ್ತು. ಒಮ್ಮೆ ಶೆಡ್ಡಿಗೆ ಬಂದು ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮರುದಿನವೇ ಕಂಪ್ಯೂಟರ್ ಅಂಗಡಿಗೆ ಹೋಗಿ ಅರ್ಜಿ ತುಂಬಿಸಲು ಕೂತೆ. ಪ್ರಶ್ನೆಗಳು ಮುಗಿಯುವಂತೆಯೇ ಇರಲಿಲ್ಲ, ಜೋಳ ಕೊಡುವವರ ಫೋನ್ ನಂಬರನ್ನೂ ಕೇಳಿದ್ದರು. ಕೊನೆಗೆ ಅಂಗಡಿಯವರು ಗಂಭೀರವಾಗಿ ಓದಿದರು: “ಮಾಲೀಕರು ವ್ಯವಹಾರದ ನಿರ್ಧಾರಗಳನ್ನು ಯಾವುದೇ ಪುರುಷನ ಅನುಮತಿಯಿಲ್ಲದೆ ಸ್ವತಂತ್ರವಾಗಿ ಕೈಗೊಳ್ಳುತ್ತಾರೆಯೇ?”

“ಹೌದು ಅಂತ ಒತ್ತರಿ,” ಎಂದೆ ಠೀವಿಯಿಂದ.

ಅವರ ಬೆರಳು ಗಾಳಿಯಲ್ಲೇ ನಿಂತಿತು. “ಅಕ್ಕಾರ, ಮಾಸ್ತರಿಗೆ ಒಂದು ಫೋನ್ ಮಾಡಿ ಒತ್ತಲೇನ್ರಿ? ಆಮ್ಯಾಲ ಅವರು ಸಿಟ್ಟಾದ್ರ?”

ನನಗೆ ರೇಗಿತು. “ನಾ ಹೇಳಾಕತ್ತೇನಿ, ಒತ್ತರಿ!” ಎಂದು ಗದರಿ ಒತ್ತಿಸಿದೆ. ಆ ಬೆರಳು ಯಾಕೆ ನಿಂತಿತು ಎಂದು ಆಗಲೇ ಒಂದು ನಿಮಿಷ ಯೋಚಿಸಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಇಲ್ಲಿ ನನ್ನ ಹಳೆಯ ಅಪರಾಧವೊಂದನ್ನು ಒಪ್ಪಿಕೊಳ್ಳಬೇಕು.

ಧಂದೆ ಶುರು ಮಾಡಿದ ಹೊಸತು. ಗೋಕಾಕದಲ್ಲಿ ಜೋಳದ ವ್ಯಾಪಾರಿ ರಾಚಪ್ಪ ಕಾಕಾ ನನ್ನ ಮುಂದೆ ಒಂದು ಚೀಲ ಬಿಚ್ಚಿದರು. ಜೋಳಕ್ಕಿಂತ ಮಣ್ಣೇ ಹೆಚ್ಚಿತ್ತು. “ತಗೋ ಯವ್ವಾ, ನಿನಗಂತನ ಇಟ್ಟೇನಿ,” ಎಂದರು. ಅಪ್ಪನ ವಯಸ್ಸಿನವರು. ಬೇಡ ಎಂದು ಮುಖದ ಮೇಲೆ ಹೇಳಲು ನಾಲಿಗೆ ಏಳಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು: “ಮನಿಯವರನ್ನ ಕೇಳಿ ಹೇಳ್ತೇನ್ರಿ.”

ಹೊರಗೆ ಹೋಗಿ ಒಂದು ಗ್ಲಾಸು ಕಬ್ಬಿನ ಹಾಲು ಕುಡಿದು ವಾಪಸ್ ಬಂದೆ. “ಅವರು ಬಿಲ್‌ಕುಲ್ ಬ್ಯಾಡ ಅಂದ್ರ್ರಿ ಕಾಕಾ. ಭಾಳ ಕಡಕ್ ಮನಿಷ್ಯಾ,” ಎಂದೆ. ಕಾಕಾ ಮರುಮಾತಿಲ್ಲದೆ ಒಳಗಿನಿಂದ ಮುತ್ತಿನಂಥ ಜೋಳ ತೆಗೆಸಿಕೊಟ್ಟರು! ಆ ಹೊತ್ತಿನಲ್ಲಿ ಕಡಕ್ ಮನುಷ್ಯರು ತುಕ್ಕಾನಟ್ಟಿಯಲ್ಲಿ ಮಕ್ಕಳಿಗೆ ಮಾವಿನಹಣ್ಣಿನ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದರು.

ಅಂದಿನಿಂದ ಆ ಮಾತೇ ನನ್ನ ಬಂಡವಾಳ. ಉದ್ರಿ ಸಾಲ ಕೇಳುವವರಿಗೆ, ದರ ಇಳಿಸೆನ್ನುವವರಿಗೆ, ಲಗ್ನದ ಹಿಂದಿನ ದಿನ ಬಂದು ರೊಟ್ಟಿ ಕೇಳುವವರಿಗೆ, ಎಲ್ಲರಿಗೂ ಅದೇ ಉತ್ತರ. “ಇಲ್ಲ” ಎನ್ನುವ ಕೆಟ್ಟ ಕೆಲಸ ಅವರದು, “ನಾ ಏನ್ ಮಾಡ್ಲಿ ಹೇಳ್ರಿ” ಎಂದು ನಿಟ್ಟುಸಿರು ಬಿಡುವ ಒಳ್ಳೆಯ ಕೆಲಸ ನನ್ನದು. ಹೀಗೆ ಹದಿನೈದು ವರ್ಷದಲ್ಲಿ ಇರುವೆಯನ್ನೂ ದಾಟಿ ನಡೆಯುವ ನನ್ನ ಗಂಡ ಮೂರು ತಾಲೂಕಿಗೆ ಪ್ರಚಂಡ ಮಾಸ್ತರ ಆಗಿಬಿಟ್ಟಿದ್ದರು. ಅವರಿಗೇ ಅದು ಗೊತ್ತಿರಲಿಲ್ಲ.

ಅರ್ಜಿ ಹೋಯಿತು. ಆಮೇಲೆ ಶುರುವಾಯಿತು ನನ್ನ ಚಡಪಡಿಕೆ. ಫೋನಿನಲ್ಲಿ ನೋಡಿದರೆ ‘ಪರಿಶೀಲನೆಯಲ್ಲಿದೆ’. ಒಗ್ಗರಣೆ ಹಾಕಿ ಬಂದು ನೋಡಿದರೂ ಅದೇ. ಒಗ್ಗರಣೆ ಹೊತ್ತಿದ ವಾಸನೆ ಬಂದು ಓಡಿಹೋಗಿ, ವಾಪಸ್ ಬಂದು ನೋಡಿದರೂ ಅದೇ! ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕು ಗೊತ್ತಿಲ್ಲ. ಎಣಿಸಿದ ರೊಟ್ಟಿಯನ್ನೇ ಮತ್ತೆ ಎಣಿಸಿದೆ. ಮೃಗಶಿರ ಮಳೆ ಬೇರೆ ಹನಿಯಲು ಶುರುವಾಗಿತ್ತು. ಕಲ್ಲವ್ವ ಬಾಯಿಬಿಟ್ಟು ಏನೂ ಕೇಳಲಿಲ್ಲ. ಆಗಾಗ ಮೋಡ ನೋಡುತ್ತಿದ್ದಳು, ಆಮೇಲೆ ನನ್ನ ಮುಖ ನೋಡುತ್ತಿದ್ದಳು. ಅದು ಕೇಳುವುದಕ್ಕಿಂತ ಹಿಂಸೆ.

“ಸುನಂದಾ, ಒಂದ ಕಡೆ ಕುಂದರ. ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ,” ಎಂದರು ನಮ್ಮವರು.

“ನೀವು ಸುಮ್ಮನಿರ್ರಿ! ನಿಮಗೇನ ತಿಳೀತೈತಿ?”

“ನಾ ಸುಮ್ಮನ ಇದ್ದೇನಲ್ಲಾ,” ಎಂದು ಅವರು ಪೇಪರಿನ ಹಿಂದೆ ಮರೆಯಾದರು.

ಕೊನೆಗೆ ಸುದ್ದಿ ಬಂತು. ಶನಿವಾರ ಮುಂಜಾನೆ ಹನ್ನೊಂದಕ್ಕೆ ಬೆಂಗಳೂರಿನಿಂದ ಒಬ್ಬ ಮೇಡಂ ತಪಾಸಣೆಗೆ ಬರುತ್ತಾರೆ. ನಾನು ಶೆಡ್ಡಿಗೆ ಸುಣ್ಣ ಬಳಿಸಿದೆ. ನನಗಾಗಿ ಒಂದು ದೊಡ್ಡ ಕುರ್ಚಿ ತರಿಸಿದೆ. ಮನೆಯಲ್ಲೂ ಗಂಡಸಿನ ಗುರುತೇ ಇರಬಾರದೆಂದು ಗೂಟಕ್ಕಿದ್ದ ಅವರ ಅಂಗಿ, ಮೂಲೆಯಲ್ಲಿದ್ದ ಚಪ್ಪಲಿ, ಕೊಡೆ ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆ. ಅವರು ಹೇಗೂ ಸಾಲೆಗೆ ಹೋಗಿರುತ್ತಾರೆ. ಏನೂ ಭಯವಿಲ್ಲ!

ಶುಕ್ರವಾರ ಮಧ್ಯಾಹ್ನ ರಾಚಪ್ಪ ಕಾಕಾನ ಫೋನ್ ಬಂತು. ದನಿಯಲ್ಲಿ ಹಿಗ್ಗು.

“ಯವ್ವಾ, ಬೆಂಗಳೂರಿಂದ ಒಬ್ಬಾಕಿ ಮೇಡಂ ಫೋನ್ ಮಾಡಿ ನಿನ್ನ ಧಂದೆದ ಬಗ್ಗೆ ಕೇಳಿದ್ರು. ಏನ್ ಚಲೋ ಹೇಳೇನಿ ಅಂತೀ!”

“ಏನ್ ಹೇಳಿದ್ರಿ ಕಾಕಾ?”

“ಭಾಳ ಮರ್ಯಾದಸ್ತ ಹೆಣ್ಣಮಗಳರೀ, ಹದಿನೈದು ವರ್ಷದಾಗ ಗಂಡನ ಕೇಳದ ಒಂದು ಚೀಲ ಜ್ವಾಳ ಸುದ್ದಾ ತಗೊಂಡಿಲ್ಲರೀ ಅಂದೆ! ಅವರು ಎಲ್ಲಾ ಬರಕೊಂಡ್ರು!”

ನಾನು ಹೊಸ ಕುರ್ಚಿಯಲ್ಲಿ ಕುಸಿದೆ. ಕಂಪ್ಯೂಟರ್ ಅಂಗಡಿಯವರ ಬೆರಳು ಯಾಕೆ ಗಾಳಿಯಲ್ಲಿ ನಿಂತಿತ್ತೆಂದು ಈಗ ತಿಳಿಯಿತು. ನನ್ನ ಕೈಯಾರೆ ನಾನೇ ಹದಿನೈದು ವರ್ಷ ಕಷ್ಟಪಟ್ಟು ನನ್ನ ವಿರುದ್ಧ ಸಾಕ್ಷಿ ತಯಾರು ಮಾಡಿಟ್ಟಿದ್ದೆ.

ಎದ್ದು ಶೆಡ್ಡಿಗೆ ಓಡಿದೆ. ಹನ್ನೊಂದೂ ಮಂದಿಯನ್ನು ನಿಲ್ಲಿಸಿ ಹೇಳಿದೆ: “ನಾಳೆ ಮೇಡಂ ಕೇಳಿದ್ರ, ಇಲ್ಲಿ ಎಲ್ಲಾ ನಿರ್ಧಾರ ಅಕ್ಕಾರದ್ದ ಅಂತ ಹೇಳ್ರಿ. ಮಾಸ್ತರ ಹೆಸರ ಎತ್ತಬ್ಯಾಡ್ರಿ. ತಿಳೀತಿಲ್ಲೋ?”

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲವ್ವ ಮೆಲ್ಲಗೆ ಕೇಳಿದಳು: “ಅಕ್ಕಾರ... ಇದಕ್ಕ ಮಾಸ್ತರು ಒಪ್ಪ್ಯಾರಿಲ್ರಿ?”

ಬಿಡಿಸಿ ಹೇಳುವಷ್ಟು ತಾಳ್ಮೆ ಯಾರಿಗಿತ್ತು? “ಹೂಂ, ಒಪ್ಪ್ಯಾರ ಒಪ್ಪ್ಯಾರ!” ಎಂದುಬಿಟ್ಟೆ. ಎಲ್ಲರೂ ಸಮಾಧಾನದಿಂದ ಒಲೆಗೆ ಮರಳಿದರು.

ಶನಿವಾರ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸಣ್ಣ ವಯಸ್ಸು, ಬರೆದುಕೊಳ್ಳಲು ದಪ್ಪ ವಹಿ, ನಗದ ಮುಖ. ಬ್ಯಾಂಕಿನ ಪಾಸ್‌ಬುಕ್ಕು, ಲೈಸೆನ್ಸು, ಬಿಲ್ಲುಗಳನ್ನೆಲ್ಲ ನೋಡಿದರು. ಎಲ್ಲೆಲ್ಲೂ ನನ್ನದೇ ಸಹಿ. ತಲೆಯಾಡಿಸಿದರು. ನನ್ನ ಎದೆ ಸ್ವಲ್ಪ ಹಗುರಾಯಿತು. ನಂತರ ಕಲ್ಲವ್ವನ ಪಕ್ಕ ಮಣೆ ಹಾಕಿಕೊಂಡು ಕೂತರು.

“ಅಜ್ಜಿ, ಇಲ್ಲಿ ದರ ಎಷ್ಟು, ಯಾರಿಗೆ ಮಾರಬೇಕು, ಎಲ್ಲ ಯಾರು ತೀರ್ಮಾನ ಮಾಡ್ತಾರೆ?”

ಕಲ್ಲವ್ವ ಹಿಟ್ಟಿನ ಕೈಯನ್ನು ಎದೆಗೆ ಮುಟ್ಟಿಸಿ ಸ್ಪಷ್ಟವಾಗಿ ಹೇಳಿದಳು: “ಎಲ್ಲಾ ನಿರ್ಧಾರ ಅಕ್ಕಾರದ್ದ ರೀ.”

ಭಲೇ ಕಲ್ಲವ್ವಾ! ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ಆಕೆ ನಿಲ್ಲಿಸಲಿಲ್ಲ.

“ಹಂಗಂತ ಹೇಳಾಕ ಮಾಸ್ತರು ಒಪ್ಪಿಗಿ ಕೊಟ್ಟಾರ್ರಿ!”

ಮೇಡಂ ಪೆನ್ನು ತೆಗೆದರು. ಬಹಳ ಹೊತ್ತು ಬರೆದರು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ನಮ್ಮವರು! ಶನಿವಾರ ಮುಂಜಾನೆಯ ಸಾಲೆ, ಬೇಗ ಬಿಡುತ್ತದೆ ಎಂಬುದನ್ನು, ಮೂವತ್ತು ವರ್ಷ ಮಾಸ್ತರನ ಜೊತೆ ಸಂಸಾರ ಮಾಡಿದ ನಾನು ಮರೆತಿದ್ದೆ. ಅವರನ್ನು ಕಂಡದ್ದೇ ತಡ, ಹನ್ನೊಂದು ಮಂದಿ ಧಡಧಡ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತರು. ಹಂಚಿನ ಮೇಲೆ ರೊಟ್ಟಿ ಹೊತ್ತಿದರೂ ಯಾರೂ ತೆಗೆಯಲಿಲ್ಲ.

ಮೇಡಂ ಇನ್ನೊಂದು ಹಾಳೆ ತಿರುವಿದರು.

“ಸುನಂದಾ,” ನಮ್ಮವರು ಹೆದರಿ ಪಿಸುಗುಟ್ಟಿದರು, “ನಾ ಒಳಗ ಬರ್ಲೇನು? ನನ್ನ ಮನಿ ಅಂಗಿ ಎಲ್ಲೂ ಸಿಗವಲ್ದು.”

ಮೇಡಂ ಅವರನ್ನು ಕರೆದು ಕುರ್ಚಿಯಲ್ಲಿ ಕೂರಿಸಿದರು. ನನ್ನ ಹೊಸ ಕುರ್ಚಿಯಲ್ಲಿ! “ಸರ್, ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಆಗುತ್ತೆ?” ಎಂದು ಕೇಳಿದರು.

“ಗೊತ್ತಿಲ್ಲರಿ.”

“ಗುರೆಳ್ಳು ಹಿಂಡಿಗೆ ಏನೇನು ಹಾಕ್ತೀರಿ?”

ನಮ್ಮವರು ಪ್ರಾಮಾಣಿಕವಾಗಿ ಯೋಚಿಸಿದರು. “ಕರ್ರಗ ಇರತೈತ್ರಿ,” ಎಂದರು.

ಮೇಡಂ ವಹಿ ತಿರುವಿ ರಾಚಪ್ಪ ಕಾಕಾನ ಹೇಳಿಕೆ ಓದಿದರು. ನೀವು ಬಹಳ ಕಡಕ್ ಅಂತೆ, ನಿಮ್ಮ ಅಪ್ಪಣೆಯಿಲ್ಲದೆ ಏನೂ ನಡೆಯೋದಿಲ್ಲವಂತೆ, ಹೌದಾ ಎಂದು ಕೇಳಿದರು. ನಮ್ಮವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

“ಹಂಗಾದ್ರ ಇದು ನಿನ್ನ ಕೆಲಸ ಏನು? ನಾ ಹೋಗಿ ಕಟ್ಟಿ ಮ್ಯಾಲ ಕುಂತ್ರ ಎಲ್ಲಾರೂ ಎದ್ದು ಹೋಗ್ತಿದ್ರು ಸುನಂದಾ. ಹದಿನೈದು ವರ್ಷ ನನ್ನ ಜೋಡಿ ಯಾರೂ ಹರಟಿ ಹೊಡಿಲಿಲ್ಲ. ನನ್ನ ಮುಖಾನ ಹಂಗ ಐತೇನೋ ಅಂತ ತಿಳಕೊಂಡಿದ್ದೆ.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸರ್ಟಿಫಿಕೇಟ್ ಹಾಳಾಗಿ ಹೋಗಲಿ ಎಂದುಕೊಂಡು ಕಬ್ಬಿನ ಹಾಲಿನಿಂದ ಹಿಡಿದು ಎಲ್ಲವನ್ನೂ ಮೇಡಂ ಮುಂದೆ ಒಪ್ಪಿಕೊಂಡೆ. “ಲಗಾಮು ನನ್ನ ಕೈಯಾಗ ಐತ್ರಿ ಮೇಡಂ, ಖರೇನ. ಆದ್ರ ‘ಬ್ಯಾಡ’ ಅನ್ನೂದು ಒಂದು ಮಾತು ನನ್ನ ಬಾಯಿಂದ ನಾನ ಹೇಳಾಕ ನನಗ ಅಂಜಿಕಿ ಆಗ್ತಿತ್ತು. ಅದನ್ನ ಈ ಬಡಪಾಯಿ ತಲಿ ಮ್ಯಾಲ ಹೊರಿಸಿದ್ನಿ. ನನ್ನ ತಪ್ಪಿಗೆ ಇವರೆಲ್ಲಾರ ಕೆಲಸ ಕಳೀಬ್ಯಾಡ್ರಿ,” ಎಂದೆ.

ನಗದ ಮುಖದ ಮೇಡಂ ಮೊದಲ ಸಲ ನಕ್ಕರು. ವಹಿ ಮುಚ್ಚಿದರು. “ನಂಗೆ ಅರ್ಥ ಆಯ್ತು ಸುನಂದಾ ಅವರೇ. ಗಾಬರಿ ಬೇಡ. ಕೊನೇದಾಗಿ ಒಂದು. ಸರ್ಟಿಫಿಕೇಟ್ ಸಿಕ್ಕಿದರೆ ಮುಂದಿನ ತಿಂಗಳಿಂದಲೇ ಕಂಪನಿಗೆ ರೊಟ್ಟಿ ಕೊಡಕ್ಕೆ ನೀವು ತಯಾರಾ?”

ನಾನು ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಧೈರ್ಯದಿಂದ ಬಾಯಿ ತೆರೆದೆ.

“ಮನಿಯವರನ್ನ ಕೇಳಿ ಹೇಳ್ತೇನ್ರಿ!”

ಕಲ್ಲವ್ವ ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡಳು.

ಮೇಡಂ ಮತ್ತೆ ವಹಿ ತೆರೆದರು. ಒಂದು ತಿಂಗಳು ತಡೆಹಿಡಿಯಲಾಗಿದೆ ಎಂದು ಬರೆದರು. ತಿಂಗಳ ಕೊನೆಗೆ ರಾಚಪ್ಪನವರಿಗೆ ಮತ್ತೆ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ನಿಮ್ಮ ಸ್ವಂತ ಬಾಯಿಂದ ಒಂದು ತೀರ್ಮಾನ ಹೇಳಿ ತೋರಿಸಿ ಎಂದು ಎದ್ದರು.

ಒಂದು ಮಾತು! ಎರಡೇ ಅಕ್ಷರ! ಮುಂದಿನ ವಾರ ಗೋಕಾಕದ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಬಾಯಲ್ಲೇ ಬ್ಯಾಡ, ಬ್ಯಾಡ ಎಂದು ತಾಲೀಮು ನಡೆಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನಗೇ ಹೇಳುತ್ತಿದ್ದೇನೆಂದು ತಿಳಿದು ಎದ್ದು ಬೇರೆ ಸೀಟಿಗೆ ಹೋದಳು.

ನನ್ನ ಅದೃಷ್ಟಕ್ಕೆ ಕಾಕಾ ಅಂದು ಬಿಚ್ಚಿದ ಚೀಲದಲ್ಲಿ ನುಸಿ ಇತ್ತು. ನಾನು ಕಣ್ಣು ಮುಚ್ಚಿಕೊಂಡು ಹೇಳಿದೆ: “ಕಾಕಾ, ಈ ಜ್ವಾಳ ಬ್ಯಾಡ್ರಿ.”

“ಮಾಸ್ತರು ಬ್ಯಾಡ ಅಂದ್ರೇನವಾ?”

“ಅವರನ್ನ ಕೇಳಿಲ್ಲರಿ. ನಾನ ಬ್ಯಾಡ ಅನ್ನಾಕತ್ತೇನಿ.”

ಕಾಕಾ ಬೆಚ್ಚಿ ನೋಡಿದರು. ಮೆಲ್ಲಗೆ ತಲೆಯ ಟೊಪ್ಪಿಗೆ ತೆಗೆದರು. ದನಿ ಇಳಿಸಿ ಕೇಳಿದರು: “ಯವ್ವಾ... ಮಾಸ್ತರು ಆರಾಮ ಅದಾರಿಲ್ಲೋ?”

“ಆರಾಮ ಅದಾರ್ರಿ ಕಾಕಾ!” ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. “ನೀ ಗಟ್ಟಿ ಹೆಣ್ಣಮಗಳ ಅದಿ. ಧೈರ್ಯ ಬಿಡಬ್ಯಾಡ,” ಎಂದು ತಲೆ ಸವರಿ, ಒಳ್ಳೆಯ ಜೋಳವನ್ನೇ ಕೊಟ್ಟು ಕಳಿಸಿದರು.

ನನ್ನ ಬಸ್ಸಿಗಿಂತ ಮೊದಲು ಸುದ್ದಿ ಮೂಡಲಗಿ ಮುಟ್ಟಿತ್ತು. ಮನೆಯ ಮುಂದೆ ಚಪ್ಪಲಿಗಳ ರಾಶಿ! ಏನಾಯಿತೋ ಎಂದು ಒಳಗೆ ಓಡಿದರೆ, ನಮ್ಮವರು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾರೆ. ಸುತ್ತ ಓಣಿಯ ಗಂಡಸರು. ನಡುವೆ ಬಾಳೆಹಣ್ಣು, ಎಳನೀರು, ಗ್ಲುಕೋಸ್ ಡಬ್ಬಿ. ರೋಗಿಯನ್ನು ನೋಡಲು ಬಂದವರು ಅವರು ನೆಟ್ಟಗಿರುವುದನ್ನು ಕಂಡು ಹರಟೆಗೆ ಕೂತುಬಿಟ್ಟಿದ್ದರು. ಕಾಯಿಲೆ ಮನುಷ್ಯನನ್ನು ಎಷ್ಟು ಮೆತ್ತಗೆ ಮಾಡಿಬಿಡುತ್ತದೆ ನೋಡಿ ಎಂದು ಒಬ್ಬರು ನನ್ನ ಕಿವಿಯಲ್ಲಿ ಹೇಳಿ ಮರುಗಿದರು. ನಮ್ಮವರು ಯಾರದೋ ಮಾತಿಗೆ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಹಾಗೆ ನಕ್ಕದ್ದನ್ನು ಎಷ್ಟು ವರ್ಷದ ಹಿಂದೆ ಕಂಡಿದ್ದೆನೋ ನೆನಪಾಗಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಚಹಾ ಇಟ್ಟೆ. ಚಹಾದ ಮುಂದೆ ನಿಂತು ಸ್ವಲ್ಪ ಅತ್ತೆ.

ತಿಂಗಳ ಕೊನೆಗೆ ಮೇಡಂ ಫೋನ್ ಮಾಡಿದರು. “ರಾಚಪ್ಪನವರ ಹತ್ರ ಮಾತಾಡಿದೆ. ಮಾಸ್ತರು ಹಾಸಿಗೆ ಹಿಡಿದಿದ್ದಾರೆ, ಪಾಪ, ಈಗ ಎಲ್ಲಾ ಆಕೆಯದೇ ಅಂದ್ರು. ನಿಮ್ಮ ಕಡೆ ಹೆಂಗಸಿನ ಮಾತು ನಡೀಬೇಕು ಅಂದ್ರೆ ಗಂಡ ಮಲಗಲೇಬೇಕಾ ಸುನಂದಾ ಅವರೇ?” ಎಂದು ನಕ್ಕರು. “ಇರಲಿ. ಜೋಳ ಬೇಡ ಅಂದದ್ದು ನೀವೇ ಅಂತ ಅವರ ಬಾಯಿಂದಲೇ ಬಂತು. ನಂಗೆ ಅಷ್ಟು ಸಾಕು.”

ಸರ್ಟಿಫಿಕೇಟ್ ಬಂತು! ‘ಮಹಿಳೆಯೇ ಒಡೆತನ ಹೊಂದಿ, ಮಹಿಳೆಯೇ ನಿಯಂತ್ರಿಸುವ ಉದ್ಯೋಗ’ ಎಂದು ನಮ್ಮವರು ತರಗತಿಯ ದನಿಯಲ್ಲಿ ಮೂರು ಸಲ ಓದಿದರು. ಚೌಕಟ್ಟಿಗೆ ಬಣ್ಣವನ್ನೂ ಅವರೇ ಬಳಿದರು. ಹೊರಗೆ ಧೋ ಎಂದು ಮಳೆ. ಕಲ್ಲವ್ವ ಮೋಡ ನೋಡಲಿಲ್ಲ, ಮೊಣಕಾಲು ಒಲೆಯ ಕಾವಿಗೆ ಹಿಡಿದು ಕೂತು ಹಿಟ್ಟು ನಾದಿದಳು. ನಾನು ಕೊನೆಗೂ ಕುರ್ಚಿಯಲ್ಲಿ ಕೂತೆ. ಇನ್ನು ಮುಂದೆ ನನ್ನ ಮಾತು ನಾನೇ ಆಡುವವಳು, ಯಾರ ಬೆನ್ನ ಹಿಂದೆಯೂ ಅಡಗುವವಳಲ್ಲ ಎಂದು ಶಪಥ ಮಾಡಿದೆ.

ಫೋನ್ ಬಂತು. ಯಮಕನಮರಡಿಯ ಖರೀದಿ ಸಾಹೇಬರು.

“ಅಕ್ಕಾರ, ಅಭಿನಂದನೆ ರೀ! ಅಂದಂಗ ಆ ದರ ಸ್ವಲ್ಪ ಇಳಿಸಬೇಕ ನೋಡ್ರಿ.”

ಇಳಿಸಿದರೆ ನಮ್ಮ ಹೆಣ್ಣುಮಕ್ಕಳ ಪಗಾರಕ್ಕೆ ಕತ್ತರಿ. ಆಗಂಗಿಲ್ಲ ಎನ್ನಬೇಕು. ಅಷ್ಟೇ. ನಾಲಿಗೆ ತನ್ನಷ್ಟಕ್ಕೆ ತಾನು ಹಳೆಯ ದಾರಿ ಹಿಡಿಯಿತು: “ನಮ್ಮ ಮನಿಯವರನ್ನ...”

“ಅದನ್ನ ಬಿಡ್ರಿ ಅಕ್ಕಾರ!” ಸಾಹೇಬರು ಗಹಗಹಿಸಿದರು. “ನೀವು ಯಾರನ್ನೂ ಕೇಳಬೇಕಾಗಿಲ್ಲ ಅಂತ ಸರ್ಟಿಫಿಕೇಟ್ ನಮ್ಮ ಫೈಲಿನ್ಯಾಗ ಐತಿ. ಈಗಿಂದೀಗ ಹೇಳ್ರಿ.”

ಹದಿನೈದು ವರ್ಷದ ಬಂಡವಾಳವನ್ನು ಕೊಟ್ಟು ನಾನು ಒಂದು ಕಾಗದ ಕೊಂಡಿದ್ದೆ! ಎದ್ದು ನಿಂತೆ. ಕೂತೆ. ಮತ್ತೆ ಎದ್ದೆ. ಎದುರಿಗೆ ಕಲ್ಲವ್ವ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು.

“ಹಂಗಲ್ಲರಿ ಸಾಹೇಬ್ರ,” ಎಂದೆ ದನಿ ಇಳಿಸಿ, “ನಮ್ಮ ಕಲ್ಲವ್ವನ್ನ ಕೇಳಿ ಹೇಳ್ತೇನ್ರಿ. ಭಾಳ ಕಡಕ್ ಹೆಣ್ಣಮಗಳು.”

ದರ ಇಳಿಯಲಿಲ್ಲ. ಈಗ ಹುಕ್ಕೇರಿ ತಾಲೂಕಿನ ತುಂಬ ಕಲ್ಲವ್ವನ ಹೆಸರು ಕೇಳಿದರೆ ನಡುಗುತ್ತಾರಂತೆ. ಪಾಪ, ಆಕೆಗೆ ಇನ್ನೂ ಗೊತ್ತಿಲ್ಲ. ಸರ್ಟಿಫಿಕೇಟಿಗಂತೂ ಏನೂ ಧಕ್ಕೆಯಿಲ್ಲ, ಕಲ್ಲವ್ವನೂ ಹೆಂಗಸೇ!